ದೊರೆಯ ಬಾಯಿಗೆ ಭಾವನ ಮಾತು

ನನ್ನ ಭಾವನಿಗೆ ಕೂತಲ್ಲಿ ಕೂರುವ ಅಭ್ಯಾಸ ಯಾವತ್ತೂ ಇಲ್ಲ. ಊಟದ ನಡುವೆ ಎದ್ದು ಹೋಗಿ ಸೋರುವ ನಲ್ಲಿ ಬಿಗಿ ಮಾಡಿ ಬರುತ್ತಾರೆ. ಪೇಪರು ಕೈಗೆ ಸಿಕ್ಕರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಓದುತ್ತಾರೆ. "ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ಬೇಡಿ, ನೋಡೋರಿಗೆ ತಲೆ ಸುತ್ತತ್ತೆ" ಎಂದು ಅಕ್ಕ ಮಲಗಿದಲ್ಲಿಂದಲೇ ಗದರುತ್ತಾಳೆ. ಇಷ್ಟು ಚಡಪಡಿಸುವ ಮನುಷ್ಯ ಒಂದು ಕತ್ತಲೆ ಕೋಣೆಯಲ್ಲಿ, ಮೈಕಿನ ಮುಂದೆ ಮಾತ್ರ ಗಂಟೆಗಟ್ಟಲೆ ಕದಲದೆ ನಿಲ್ಲುತ್ತಿದ್ದರು. ಡಬ್ಬಿಂಗ್ ಅವರ ಹೊಟ್ಟೆಪಾಡು.

ಬೇರೆ ಭಾಷೆಯ ಒಬ್ಬ ಭಾರಿ ನಟನಿದ್ದಾನೆ. ಅಭಿಮಾನಿಗಳು ಅವನನ್ನು ದೊರೆ ಎನ್ನುತ್ತಾರೆ. ಅವನ ಚಿತ್ರಗಳೆಲ್ಲ ನಮ್ಮ ಮಾತಿಗೆ ಇಳಿದು ಬರುತ್ತವೆ, ಅವುಗಳಲ್ಲಿ ಅವನು ಗುಡುಗುವುದು, ಅಳುವುದು, ತಾಯಿಯ ಕಾಲಿಗೆ ಬೀಳುವುದು ಎಲ್ಲವೂ ನಮ್ಮ ಭಾವನ ಗಂಟಲಿನಲ್ಲಿ. ದೊರೆ ಎದುರಿಗೆ ಸಿಕ್ಕರೆ ನಮ್ಮ ಭಾವನನ್ನು ಗುರುತು ಹಿಡಿಯಲಾರ. ಅವರಿಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ. ಆದರೆ ನಮ್ಮ ಊರಿನ ಮಕ್ಕಳಿಗೆ ದೊರೆ ಎಂದರೆ ಭಾವನ ಧ್ವನಿಯೇ, ಅದು ಯಾರದೆಂದು ಮಾತ್ರ ಆಗ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಾಷೆಯೆಂದರೆ ಭಾವನ ಸ್ವಂತ ಧ್ವನಿ ಸಣ್ಣದು, ಸ್ವಲ್ಪ ಮೂಗಿನದು. ಮನೆಯಲ್ಲಿ ಅವರು ಕರೆದರೆ ಪಕ್ಕದ ಕೋಣೆಗೆ ಕೇಳಿಸುವುದಿಲ್ಲ. ಹೆದರಿದಾಗ ಮಾತ್ರ ತಮಗೇ ಗೊತ್ತಿಲ್ಲದಂತೆ ದೊರೆಯ ಧ್ವನಿಗೆ ಜಾರುತ್ತಾರೆ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದ ದಿನ, "ಇನ್ನೇನು ದಾರಿ ಇದೆ ಹೇಳಿ ಡಾಕ್ಟ್ರೇ" ಎಂದು ಇವರು ಕೇಳಿದ್ದು ಆ ಧ್ವನಿಯಲ್ಲೇ. ಡಾಕ್ಟರು ಬೆಚ್ಚಿ ತಲೆಯೆತ್ತಿದ್ದರು. ನನಗೆ ಅಳುವಿನ ನಡುವೆಯೂ ನಗು ಬಂದಿತ್ತು, ಆಮೇಲೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಅಂದಿನಿಂದ ಅಕ್ಕನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ನಗರಸಭೆಯ ಆಸ್ಪತ್ರೆಯ ಹಿಂಬದಿಯಲ್ಲಿ, ನೆಲ ಅಂತಸ್ತಿನ ಉದ್ದನೆಯ ಕೋಣೆ. ಸಾಲಾಗಿ ಮಷಿನುಗಳು, ಮೂಲೆಯಲ್ಲಿ ಗೋಡೆಗೆ ಹೊಡೆದ ಟೀವಿ, ಕಾಲು ಅಲ್ಲಾಡುವ ಸ್ಟೂಲುಗಳು. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಬಂದು, ತೊಳೆಸಿಕೊಂಡು, ಇನ್ನೊಂದರಲ್ಲಿ ಒಳಗೆ ಹೋಗುತ್ತದೆ. ನೀರು ಕುಡಿಯುವಂತಿಲ್ಲ, ಬಾಯಾರಿದರೆ ಒಂದು ಚೂರು ಐಸು. ಇದೇ ಆಸ್ಪತ್ರೆಯಲ್ಲಿ ಭಾವನ ಅಪ್ಪ ಸ್ಟ್ರೆಚರು ತಳ್ಳುತ್ತಿದ್ದರಂತೆ. ಹಾಗಾಗಿ ಭಾವನಿಗೆ ಆ ಕಟ್ಟಡದ ಮೇಲೆ ಸ್ವಂತ ಮನೆಯ ಮೇಲಿರುವಷ್ಟು ಹಕ್ಕು, ಸ್ವಂತ ಮನೆಯ ಮೇಲಿರುವಷ್ಟೇ ಗೊಣಗಾಟ.

ಈ ಆಸ್ಪತ್ರೆಯನ್ನು ಒಂದು ಕಂಪನಿಗೆ ವಹಿಸಿಕೊಡುವ ಮಾತು ಶುರುವಾದ ಮೇಲೆ ಭಾವನ ಓಡಾಟ ಇಮ್ಮಡಿಯಾಯಿತು. ಕಂಪನಿಯವರು ಗೋಡೆಗೆ ಬಣ್ಣ ಹೊಡೆಸುತ್ತಾರಂತೆ, ಲಿಫ್ಟು ರಿಪೇರಿ ಮಾಡಿಸುತ್ತಾರಂತೆ. ಡಯಾಲಿಸಿಸ್ ಮಾತ್ರ ಲಾಭದ ಬಾಬತ್ತಲ್ಲವಾದ್ದರಿಂದ ಅದನ್ನು ತಮ್ಮ ಬೇರೆ ಆಸ್ಪತ್ರೆಗೆ ಒಯ್ಯುತ್ತಾರಂತೆ, ದುಡ್ಡು ಕೊಡುವವರಿಗೆ ಅಲ್ಲಿ ಸ್ವಾಗತವಂತೆ. ನಮ್ಮಂಥವರಿಗೆ ಅದರ ಅರ್ಥ ಒಂದೇ, ಅಕ್ಕ ಬದುಕುವುದಿಲ್ಲ. ಇದನ್ನು ಯಾರೂ ಮನೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೊಡಬೇಕೋ ಬೇಡವೋ ಎಂದು ಬಡಾವಣೆಯವರ ಸಭೆ ಕರೆದು, ಚೀಟಿ ಹಾಕಿಸಿ, ಬಂದ ಮತದಂತೆ ನಡೆಯುತ್ತೇವೆ ಎಂದು ನಗರಸಭೆ ಒಪ್ಪಿಕೊಂಡಿತ್ತು.

ಭಾವ ಮನೆಮನೆಗೆ ಹೋದರು. "ಆಸ್ಪತ್ರೆ ಯಾರದು ಅಂತ ಕೇಳಿದ್ರೆ, ಅಲ್ಲಿ ಮಲಗಿರೋರದು" ಎನ್ನುವುದು ಅವರ ಮಾತು. ಅದನ್ನೇ ಸುತ್ತಿ ಬಳಸಿ ಹೇಳುತ್ತಿದ್ದರು. ಎಲ್ಲರ ಕಾಸಿನಲ್ಲಿ ಕಟ್ಟಿದ್ದನ್ನು ಎಲ್ಲರೂ ಸೇರಿ ನಡೆಸಬೇಕು, ನಡೆಸುವವರನ್ನು ಚೀಟಿ ಹಾಕಿ ಆರಿಸಬೇಕು, ಸರಿಯಿಲ್ಲದಿದ್ದರೆ ಚೀಟಿ ಹಾಕಿಯೇ ಇಳಿಸಬೇಕು, ಇದಕ್ಕೆ ಪ್ರಜಾಸತ್ತಾತ್ಮಕ ಸಮಾಜವಾದ ಅಂತ ಹೆಸರು ಎಂದು ಅವರು ಶುರುಮಾಡುವಷ್ಟರಲ್ಲಿ ಜನರಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಕೆಳಗಿನ ಟೈಲರ್ ಅಂಗಡಿಯ ಕತ್ತರಿ ಮಾಮನಂತೂ ಹೊಲಿಗೆ ಮಷಿನಿನಿಂದ ತಲೆ ಎತ್ತುತ್ತಲೂ ಇರಲಿಲ್ಲ.

"ಆಸ್ಪತ್ರೆ ಮಲಗಿರೋರದು. ಹಾಗಾದ್ರೆ ಬಸ್ಸು? ಬಾಗಿಲಲ್ಲಿ ನೇತಾಡ್ಕೊಂಡು ಹೋಗೋರದಾ?"

"ಹೌದು ಮಾಮ, ಅವರದೂ."

"ಅಯ್ಯೋ, ಹೋಗಪ್ಪ. ಅಷ್ಟುದ್ದದ ಹೆಸರು ಹೇಳಿ ಮುಗಿಸೋದ್ರೊಳಗೆ ನನ್ನ ಒಂದು ಪ್ಯಾಂಟು ಹೊಲಿದಾಗತ್ತೆ."

ಹೀಗಿರುವಾಗ ದೊರೆ ತನ್ನ ಹೊಸ ಚಿತ್ರದ ಪ್ರಚಾರಕ್ಕೆ ಎಲ್ಲೋ ಒಂದು ಸಂದರ್ಶನ ಕೊಟ್ಟ. ನಮ್ಮ ಟೀವಿ ಚಾನೆಲಿನವರು ಅದನ್ನು ಕೊಂಡು, ಜನರಿಗೆ ಪರಿಚಿತವಾದ ಧ್ವನಿಯೇ ಇರಲಿ ಎಂದು ಭಾವನನ್ನು ಕರೆಸಿದರು. ಮಾತಿನ ನಡುವೆ ಸಂದರ್ಶಕಿ, ಈಗ ಎಲ್ಲರೂ ಮಾತಾಡುತ್ತಿರುವ ಪ್ರಜಾಸತ್ತಾತ್ಮಕ ಸಮಾಜವಾದದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದಾಳೆ. ದೊರೆ ಕನ್ನಡಕ ತೆಗೆದು, ಕಿಟಕಿಯ ಕಡೆ ನೋಡಿ, ಅದು ಬಹಳ ಸುಂದರವಾದದ್ದು, ಎಲ್ಲರೂ ಚೆನ್ನಾಗಿರಬೇಕು ಎಂದಿದ್ದಾನೆ. ಆಮೇಲೆ ಗಡ್ಡದೊಳಗೇ ಏನೋ ಗೊಣಗಿದ್ದಾನೆ. ಏನೆಂದು ಅನುವಾದಕನಿಗೂ ಕೇಳಿಸಿಲ್ಲ. ಅವನು ಆ ಜಾಗವನ್ನು ಹಾಗೇ ಬಿಟ್ಟಿದ್ದಾನೆ.

ಡಬ್ಬಿಂಗಿನವರಿಗೆ ಒಂದು ಚಾಳಿಯಿದೆ. ತೆರೆಯ ಮೇಲೆ ತುಟಿ ಅಲ್ಲಾಡುತ್ತಿದ್ದು ಧ್ವನಿಯಿಲ್ಲದಿದ್ದರೆ ಅದನ್ನು ಖಾಲಿ ತುಟಿ ಎನ್ನುತ್ತಾರೆ, ಅದು ಅವರಿಗೆ ಮಹಾ ಅವಮಾನ. ಏನಾದರೂ ತುಂಬಲೇಬೇಕು. ಚಿತ್ರಗಳಲ್ಲಿ ಭಾವ "ನೋಡೋಣ ಬಿಡು" ಎಂದೋ "ದೇವರೇ" ಎಂದೋ ತುಂಬಿಬಿಡುತ್ತಿದ್ದರು. ಆವತ್ತು ತೆರೆಯ ಮೇಲಿನ ತುಟಿ ಅಲ್ಲಾಡಿತು, ನಡುವೆ ಒಂದು ಕಡೆ ಗಟ್ಟಿಯಾಗಿ ಮುಚ್ಚಿ ತೆರೆಯಿತು. ಮುಚ್ಚಿದ ತುಟಿಗೆ ಒಂದು 'ಮ' ಬೇಕು. ಭಾವನ ನಾಲಿಗೆಯ ತುದಿಯಲ್ಲಿ ವಾರಗಟ್ಟಲೆಯಿಂದ ಇದ್ದ ಮಾತು ತಾನಾಗಿ ಹೊರಬಿತ್ತು: ಆಸ್ಪತ್ರೆ ಯಾರದು ಅಂತ ಕೇಳಿದ್ರೆ, ಅಲ್ಲಿ ಮಲಗಿರೋರದು. 'ಮಲಗಿರೋರದು' ಎಂಬಲ್ಲಿ ತುಟಿ ಸರಿಯಾಗಿ ಕೂತಿತು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವನು ಹೆಬ್ಬೆರಳೆತ್ತಿದ. ಆ ಕೋಣೆಯಲ್ಲಿ ಯಾರೂ ಅರ್ಥ ಕೇಳಿಸಿಕೊಳ್ಳುವುದಿಲ್ಲ, ತುಟಿ ಕೂತಿತೋ ಇಲ್ಲವೋ ಅಷ್ಟೇ ನೋಡುತ್ತಾರೆ. ಹೊರಗೆ ಬಂದು ಬಸ್ಸಿನಲ್ಲಿ ಕೂತ ಮೇಲೆಯೇ ತಾವು ಮಾಡಿದ್ದೇನು ಎಂದು ಭಾವನಿಗೆ ಹೊಳೆದದ್ದು. ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಬಂದರು.

ಸಂದರ್ಶನ ಬಂದ ಮರುದಿನವೇ ಊರಿಗೆ ಊರೇ ಆ ಮಾತನ್ನು ಬಾಯಿಪಾಠ ಮಾಡಿತ್ತು. ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಕಿಂಡಿಯಲ್ಲಿ ಕೈ ತೂರಿಸಿದವರೆಲ್ಲ ಚಿಲ್ಲರೆಯ ಜೊತೆಗೆ ಅದನ್ನೂ ಹೇಳಿ ಹೋಗುತ್ತಿದ್ದರು. ಪಕ್ಕದ ಕೌಂಟರಿನವಳು, "ಎಷ್ಟು ದೊಡ್ಡ ಮಾತು ನೋಡೇ! ಅಷ್ಟು ಜಗತ್ತು ನೋಡಿದವನು ಸುಮ್ಸುಮ್ನೆ ಹೇಳ್ತಾನಾ?" ಎಂದಳು.

"ಅವನು ಜಗತ್ತು ನೋಡಿರೋದು ಕಾರಿನ ಕಪ್ಪು ಗಾಜಿನೊಳಗಿಂದ ಕಣೇ. ಸರ್ಕಾರಿ ಆಸ್ಪತ್ರೆ ಕ್ಯೂನಲ್ಲಿ ಅವನು ಯಾವತ್ತಾದ್ರೂ ನಿಂತಿದಾನಾ?" ಎಂದೆ. ಅವಳು ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮೈ ಉರಿದುಹೋದದ್ದು ಸಂಜೆ ಮನೆಗೆ ಬಂದಾಗ. ಕತ್ತರಿ ಮಾಮ ತನ್ನ ಅಂಗಡಿಯ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಆ ಮಾತನ್ನು ಬರೆದು, ಕೆಳಗೆ 'ದೊರೆ' ಎಂದು ಹಾಕಿದ್ದ. ಮೆಟ್ಟಿಲು ಹತ್ತುತ್ತಿದ್ದ ಭಾವನನ್ನು ತಡೆದು, "ನೋಡಪ್ಪ, ಮಾತು ಅಂದ್ರೆ ಹೀಗಿರ್ಬೇಕು. ನೀನೂ ಹೇಳ್ತಿದ್ದೆ ಏನೋ, ತಲೆಬುಡ ಇಲ್ದೆ" ಎಂದ. ಭಾವ ಹಲ್ಲು ಕಿರಿದು ನಿಂತಿದ್ದರು. ಅವರ ಕೆನ್ನೆಗೆ ಬಾರಿಸಬೇಕು ಅನಿಸಿತು ನನಗೆ. ನಾಚಿಕೆಯ ವಿಷಯ ಹೇಳಿಬಿಡುತ್ತೇನೆ, ಸಂದರ್ಶನ ಬಂದಾಗ ನನಗೂ ಮೈ ಝುಂ ಎಂದಿತ್ತು. ಅದೇ ಮಾತನ್ನು ಭಾವ ಊಟದ ತಟ್ಟೆಯ ಮುಂದೆ ಹೇಳಿದಾಗಲೆಲ್ಲ ನಾನು ಉಪ್ಪು ಕೇಳಿದವಳು.

ವಿಷಯ ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ. "ಒಳ್ಳೆ ಮಾತು ಯಾರ ಬಾಯಿಂದ ಬಂದ್ರೇನು? ನಮ್ಮ ಕೆಲಸ ಆದ್ರೆ ಸಾಕು" ಎಂದು ಭಾವ ನಡುಮನೆ ಅಳೆಯುತ್ತ ಹೇಳಿದರು.

"ಆ ಬಾಯಿ ನಿಮ್ಮದಲ್ಲ ರೀ. ನಾಳೆ ಅದು ಬೇರೆ ಏನಾದ್ರೂ ಅಂದ್ರೆ?" ಎಂದಳು ಅಕ್ಕ.

ಅಕ್ಕನ ನಾಲಿಗೆ ಕರಿನಾಲಿಗೆಯಲ್ಲ. ಆದರೆ ಸಭೆಗೆ ಇನ್ನೇನು ನಾಕು ದಿನ ಇದೆ ಎನ್ನುವಾಗ ಹಾಗೇ ಆಯಿತು. ದೊರೆ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಜಾಹೀರಾತಿನಲ್ಲಿ ನಿಂತು ಕೈಮುಗಿಯುವವನು. ಇದೇನು ಹೀಗೆ ಹೇಳಿದ್ದೀರಿ ಎಂದು ಆ ಆಸ್ಪತ್ರೆಯವರು ಅವನನ್ನು ಕೇಳಿರಬೇಕು. ಅವನು ಒಂದು ವಿಡಿಯೋ ಬಿಟ್ಟ: ನಾನು ಆಸ್ಪತ್ರೆಯ ಬಗ್ಗೆ ಏನೂ ಹೇಳಿಲ್ಲ, ಯಾರೋ ನನ್ನ ಬಾಯಿಗೆ ಮಾತು ತುರುಕಿದ್ದಾರೆ, ನಾನು ಬರೀ ನಟ, ರಾಜಕೀಯ ನನಗೆ ತಿಳಿಯದು. ಎಷ್ಟು ಹುಡುಕಿದರೂ ಅದರಲ್ಲಿ ಒಂದು ಸುಳ್ಳಿಲ್ಲ. ಚಾನೆಲಿನವರು ತಪ್ಪನ್ನು ಅನುವಾದಕನ ತಲೆಗೆ ಕಟ್ಟಿ, ಈ ವಿಡಿಯೋಗೂ ಧ್ವನಿ ಕೊಡಲು ಭಾವನಿಗೇ ಫೋನು ಮಾಡಿದರು!

"ಹೋಗ್ಬೇಡಿ ಭಾವ" ಎಂದೆ.

"ಹೋಗದಿದ್ರೆ ಅನುಮಾನ ಬರತ್ತಮ್ಮ. ದೊರೆ ಕೆಲಸ ಕೈ ತಪ್ಪಿದ್ರೆ ಮನೆ ನಡೆಯೋದು ಹೇಗೆ?"

ಹೋದರು. ಕಸುಬು ಕೈಬಿಡದ ಮನುಷ್ಯ, ಅದನ್ನೂ ಚೆನ್ನಾಗಿಯೇ ಮಾಡಿದರು. ಆ ಸಂಜೆ ಟೀವಿಯಲ್ಲಿ ದೊರೆ, ನಮ್ಮ ಭಾವನ ಗಂಟಲಿನಲ್ಲಿ, ಎದೆ ಮುಟ್ಟಿಕೊಂಡು, ಯಾರೋ ನನ್ನ ಬಾಯಿಗೆ ಮಾತು ತುರುಕಿದ್ದಾರೆ ಎಂದಾಗ ನಂಬದವರೇ ಇರಲಿಲ್ಲ. ಕತ್ತರಿ ಮಾಮ ಒದ್ದೆ ಬಟ್ಟೆ ತಂದು ಗಾಜು ಒರೆಸಿದ. ಆಸ್ಪತ್ರೆ ಉಳಿಸಿ ಎನ್ನುವವರೇ ಸುಳ್ಳು ಮಾತು ಕಟ್ಟಿಸಿದ್ದಾರೆ ಎಂದು ಬೀದಿಯಲ್ಲಿ ಮಾತಾಯಿತು. ಭಾವನ ಜೊತೆ ಮನೆಮನೆಗೆ ಹೋಗುತ್ತಿದ್ದ ನಿವೃತ್ತ ನರ್ಸಮ್ಮನ ಮುಖಕ್ಕೆ ಒಬ್ಬರು ಬಾಗಿಲು ಹಾಕಿದರಂತೆ. ಆಕೆ ನಮ್ಮ ಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನು ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ" ಎಂದಳು. ಭಾವ ಗೋಡೆ ನೋಡುತ್ತಿದ್ದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನ್ನ ತಲೆ ಚಿಟ್ಟು ಹಿಡಿಯುತ್ತದೆ. ಭಾವ ಟೆರೇಸಿಗೆ ಹೋಗುವುದು, ಇಳಿಯುವುದು, ಚಪ್ಪಲಿ ಮೆಟ್ಟುವುದು, ಬಿಡುವುದು. ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ಮತ ಹೋಗುತ್ತದೆ, ಅದರ ಜೊತೆಗೆ ಅಕ್ಕನೂ. ಒಪ್ಪಿಕೊಂಡರೂ ಮತ ಉಳಿಯುತ್ತದೆ ಎಂದು ಯಾರು ಹೇಳಿದರು? ನಾನು ಅವರ ಹಿಂದೆ ಓಡಾಡಿ ಜಗಳವಾಡಿದೆ, ಆಡಿ ಸುಸ್ತಾದೆ. ಅಕ್ಕ ಒಂದೇ ಮಾತು ಹೇಳಿದಳು, "ನನ್ನ ನೆಪ ಮಾಡ್ಕೊಂಡು ಹೇಳ್ಬೇಡಿ. ಆ ನರ್ಸಮ್ಮನ ಮುಖ ನೋಡಿ ಹೇಳೋದಾದ್ರೆ ಹೇಳಿ."

ಸಭೆ ಶಾಲೆಯೊಂದರ ದೊಡ್ಡ ಕೋಣೆಯಲ್ಲಿತ್ತು. ಫ್ಯಾನುಗಳು ತಿರುಗುವುದಕ್ಕಿಂತ ಹೆಚ್ಚಾಗಿ ಕಿರುಗುಡುತ್ತಿದ್ದವು. ಬೆಂಚು ಸಾಲದೆ ಜನ ಕಿಟಕಿಯಲ್ಲಿ ಕೂತಿದ್ದರು. ನಗರಸಭೆಯ ಅಧ್ಯಕ್ಷೆ, ಮಾತಾಡುವವರು ಬನ್ನಿ ಎಂದಾಗ ಭಾವ ಎದ್ದರು.

"ಆ ಮಾತು ದೊರೆ ಹೇಳಿದ್ದಲ್ಲ, ನಾನು ಹೇಳಿದ್ದು" ಎಂದರು.

ಹೆದರಿಕೆಗೆ ಹೊರಬಿದ್ದದ್ದು ದೊರೆಯ ಧ್ವನಿ! ಒಂದು ಕ್ಷಣ ಎಲ್ಲರೂ ಕಣ್ಣು ಬಾಯಿ ಬಿಟ್ಟು ಅತ್ತಿತ್ತ ನೋಡಿದರು, ದೊರೆಯೇ ಬಾಗಿಲಲ್ಲಿ ನಿಂತಿದ್ದಾನೋ ಎಂಬಂತೆ. ಆಮೇಲೆ ಶಿಳ್ಳೆ ಹೊಡೆದರು. "ಇನ್ನೊಂದ್ ಸಲ! ತಾಯಿ ಸೀನು ಹೇಳಿ, ತಾಯಿ ಸೀನು!" ಎಂದು ಹಿಂದಿನಿಂದ ಕೂಗು. ಭಾವನ ಮುಖ ಬೆವೆತು ಹೋಗಿತ್ತು. ನೀರು ಕುಡಿದರು, ಗಂಟಲು ಸರಿ ಮಾಡಿಕೊಂಡರು, ಕಣ್ಣು ಮುಚ್ಚಿ ತೆರೆದರು. ಮತ್ತೆ ಬಾಯಿ ತೆರೆದಾಗ ಬಂದದ್ದು ಮನೆಯ ಸಣ್ಣ ಧ್ವನಿ. ಖಾಲಿ ತುಟಿ ತುಂಬಿದ್ದು, ವಿಡಿಯೋಗೆ ಧ್ವನಿ ಕೊಟ್ಟದ್ದು, ಬೈಸಿಕೊಂಡ ನರ್ಸಮ್ಮನದು ಏನೂ ತಪ್ಪಿಲ್ಲದ್ದು, ಎಲ್ಲ ಹೇಳಿದರು. ಅರ್ಧ ಜನಕ್ಕೆ ಕೇಳಿಸಲಿಲ್ಲ. "ಜೋರಾಗಿ ಮಾತಾಡ್ರೀ!" ಎಂದರು.

"ಇಷ್ಟೇ ನನ್ನ ಜೋರು" ಎಂದರು ಭಾವ. ಯಾರೋ ಎದ್ದು ಫ್ಯಾನು ಆರಿಸಿದರು.

ಬಯ್ಗುಳ ಶುರುವಾಯಿತು. ಮೋಸಗಾರ ಎಂದರು, ನಾಟಕದವನು ಎಂದರು. ಆಗ ಕತ್ತರಿ ಮಾಮ ಎದ್ದು ನಿಂತ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಇವನೂ ಒಂದು ಕಲ್ಲು ಎಸೆಯಲು ಎದ್ದ ಎಂದುಕೊಂಡೆ.

"ಸ್ವಲ್ಪ ಸುಮ್ನಿರಿ" ಎಂದ. "ದೊರೆ ಹೇಳಿದ ಅಂತ ನಾನು ಗಾಜಿನ ಮೇಲೆ ಬರೆದೆ. ಹೇಳಿಲ್ಲ ಅಂದ ಅಂತ ಒರೆಸಿದೆ. ಎರಡು ಸಲವೂ ಮಾತು ಸರೀನೋ ತಪ್ಪೋ ಅಂತ ಯೋಚನೆ ಮಾಡ್ಲಿಲ್ಲ. ಅವನನ್ನ ಕೇಳೋಣ ಅಂದ್ರೆ ಅವನು ಕೈಗೆ ಸಿಗೋನಲ್ಲ. ನೀನು ಸಿಗ್ತೀಯ, ದಿನಾ ನನ್ನ ಅಂಗಡಿ ಮುಂದೇನೇ ಹೋಗ್ತೀಯ. ಅದಕ್ಕೆ ನಿನ್ನ ಕೇಳ್ತೀನಿ. ನನ್ನ ಹೆಂಡ್ತಿಗೆ ಹೊಟ್ಟೆನೋವು ಬಂದಾಗ ಆ ಆಸ್ಪತ್ರೇಲಿ ಬೆಳಿಗ್ಗೆಯಿಂದ ಸಂಜೆವರೆಗೂ ಡಾಕ್ಟರು ಇರ್ಲಿಲ್ಲ. ಅದು ಮಲಗಿರೋರದ್ದೇ ಆದ್ರೆ, ಆವತ್ತು ಅವಳು ಯಾರನ್ನ ಕೇಳ್ಬೇಕಿತ್ತು? ಹೇಳು."

ಅಲ್ಲಿಂದ ನಿಜವಾದ ಸಭೆ ಶುರುವಾಯಿತು. ಕಕ್ಕಸು ಯಾಕೆ ನಾರುತ್ತದೆ, ಔಷಧಿ ಹೊರಗಿನ ಅಂಗಡಿಗೆ ಯಾಕೆ ಬರೆದುಕೊಡುತ್ತಾರೆ, ಎಲ್ಲರೂ ಸೇರಿ ನಡೆಸುವುದು ಎಂದರೆ ಯಾರೂ ನಡೆಸದೆ ಇರುವುದಲ್ಲವೇ, ಕಂಪನಿಯವರಾದರೆ ಕೆಲಸಗಳ್ಳರನ್ನು ಮನೆಗೆ ಕಳಿಸುತ್ತಾರಲ್ಲ, ನೀವು ಏನು ಮಾಡುತ್ತೀರಿ? ಒಂದೊಂದು ಪ್ರಶ್ನೆಗೂ ಭಾವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ ಉತ್ತರ ಕೊಟ್ಟರು. ಈಗ ದೂರು ಹೇಳಿಕೊಳ್ಳಲು ಜಾಗವೇ ಇಲ್ಲ, ರೋಗಿಗಳ ಮನೆಯವರನ್ನೇ ಚೀಟಿ ಹಾಕಿ ಆರಿಸಿ ಒಂದು ಕಮಿಟಿ ಮಾಡೋಣ, ಡಾಕ್ಟರ ಹಾಜರಿ ಕೇಳುವ ಹಕ್ಕು ಅದಕ್ಕೆ ಇರಲಿ ಎಂದರು. ಕೆಲವಕ್ಕೆ ನರ್ಸಮ್ಮ ಎದ್ದು ಉತ್ತರಿಸಿದಳು. ಲಿಫ್ಟಿನ ಪ್ರಶ್ನೆಗೆ ಭಾವ, "ಅದು ನನಗೆ ಗೊತ್ತಿಲ್ಲ" ಎಂದುಬಿಟ್ಟರು. ಯಾರೂ ನಗಲಿಲ್ಲ. ಅಷ್ಟು ವರ್ಷ ದೊರೆಯ ಧ್ವನಿಯಲ್ಲಿ ಏನೇನೋ ಹೇಳಿದ ಮನುಷ್ಯ ಇದೊಂದನ್ನು ಹೇಳಿದ್ದು ನಾನು ಕೇಳಿರಲಿಲ್ಲ.

ಚೀಟಿ ಎಣಿಸಿದಾಗ ಆಸ್ಪತ್ರೆ ಕೂದಲೆಳೆಯಲ್ಲಿ ಉಳಿಯಿತು. ಕತ್ತರಿ ಮಾಮ ಯಾವ ಕಡೆ ಹಾಕಿದ ಎಂದು ಇವತ್ತಿಗೂ ಬಾಯಿ ಬಿಡುವುದಿಲ್ಲ. ಮರುವಾರವೇ ಭಾವನ ಕೆಲಸ ಹೋಯಿತು. ರೆಕಾರ್ಡಿಂಗಿನವನು ಮನೆಗೇ ಬಂದು ತಲೆ ತಗ್ಗಿಸಿ ಹೇಳಿ ಹೋದ. ಈಗ ಭಾವ ಕಾರ್ಟೂನುಗಳಿಗೆ ಧ್ವನಿ ಕೊಡುತ್ತಾರೆ, ಹೆಚ್ಚಾಗಿ ಕರಡಿ ಮತ್ತು ಕತ್ತೆ. ಸಂಸಾರ ನಾನೂ ಕೈ ಹಚ್ಚಿ ಎಳೆಯುವ ಹಾಗಾಗಿದೆ. ಕಮಿಟಿಗೆ ಅವರನ್ನು ಆರಿಸಿದ್ದಾರೆ, ಆರಿಸಿದವರೆಲ್ಲ ದಾರಿಯಲ್ಲಿ ಹಿಡಿದು ಬಯ್ಯುತ್ತಾರೆ. ಔಷಧಿ ಬಂದಿಲ್ಲ, ಬಲ್ಬು ಹೋಗಿದೆ, ಡಾಕ್ಟರು ತಡ. ಕತ್ತರಿ ಮಾಮನ ಬಾಯಿ ಎಲ್ಲರಿಗಿಂತ ಜೋರು. ಭಾವ ಮೊದಲಿಗಿಂತಲೂ ಹೆಚ್ಚು ಓಡಾಡುತ್ತಾರೆ.

ಮೊನ್ನೆ ಅಕ್ಕನ ಡಯಾಲಿಸಿಸ್‌ಗೆ ನಾನೂ ಹೋಗಿದ್ದೆ. ಗೋಡೆಯ ಟೀವಿಯಲ್ಲಿ ದೊರೆಯ ಹೊಸ ಚಿತ್ರ, ಬೇರೆ ಯಾರದೋ ಧ್ವನಿ. "ಇದೇನು, ದೊರೆಗೆ ನೆಗಡಿಯಾ?" ಎಂದಳು ಪಕ್ಕದ ಹಾಸಿಗೆಯ ಅಜ್ಜಿ. ಎಲ್ಲರೂ ನಕ್ಕರು. ನರ್ಸ್ ಹುಡುಗಿ ರಿಮೋಟು ಒತ್ತಿ ಧ್ವನಿ ನಿಲ್ಲಿಸಿ, "ಸಾರ್, ನೀವೇ ಹೇಳಿ. ಒಂದೇ ಸೀನು" ಎಂದಳು. ಸಾಲಿನ ಎಲ್ಲ ಹಾಸಿಗೆಗಳಿಂದಲೂ ಮುಖಗಳು ಇತ್ತ ತಿರುಗಿದವು. ತೆರೆಯ ಮೇಲೆ ದೊರೆಯ ತುಟಿ ಅಲ್ಲಾಡುತ್ತಲೇ ಇತ್ತು. ಭಾವನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ನೋಡಿದೆ. ಆ ಖಾಲಿ ತುಟಿಯನ್ನು ಅವರು ಹೇಗೆ ಸಹಿಸುತ್ತಾರೋ ಎಂದು ನನಗೇ ಸಂಕಟವಾಯಿತು.

"ಬೇಡಮ್ಮ, ಹಾಗೇ ಇರ್ಲಿ" ಎಂದರು. ಬಟ್ಟಲಿನಿಂದ ಒಂದು ಚೂರು ಐಸು ತೆಗೆದು ಅಕ್ಕನ ಬಾಯಿಗಿಟ್ಟರು.

ಅಕ್ಕ ಅದನ್ನು ಚೀಪುತ್ತ, "ರೀ, ಏನಾದ್ರೂ ಮಾತಾಡ್ತಾ ಇರಿ, ಹೊತ್ತು ಹೋಗತ್ತೆ" ಎಂದಳು.

"ಏನು ಮಾತಾಡ್ಲೇ?"

"ಏನೋ ಒಂದು. ನಿಮ್ಮದೇ."

ಭಾವ ಸ್ಟೂಲು ಹತ್ತಿರ ಎಳೆದುಕೊಂಡು ಕೂತರು. ನಾರುವ ಕಕ್ಕಸಿನದು, ಕತ್ತರಿ ಮಾಮನದು, ಬಾರದ ಔಷಧಿಯದು ಎಂದು ಆ ಸಣ್ಣ ಮೂಗಿನ ಧ್ವನಿಯಲ್ಲಿ ಶುರುಮಾಡಿದರು. ಪಕ್ಕದ ಹಾಸಿಗೆಯ ಅಜ್ಜಿ ಕೇಳಿಸಲೆಂದು ತಲೆದಿಂಬು ಈಚೆಗೆ ಸರಿಸಿಕೊಂಡಳು. ಮಷಿನು ನಿಲ್ಲುವ ತನಕ ಅವರು ಸ್ಟೂಲು ಬಿಟ್ಟು ಏಳಲಿಲ್ಲ, ಕಾಲು ಮಾತ್ರ ಅಲ್ಲಾಡುತ್ತಲೇ ಇತ್ತು.